ಅಜ್ಜಿ ಮಾಡಿ ತೋರಿಸಿದ ಉಸಿರು

ನಮ್ಮ ಮುಖ್ಯ ವೈದ್ಯರ ಧ್ವನಿ ತೆಗೆಯುವುದು ಸುಲಭ. ಮೂಗು ಅರ್ಧ ಕಟ್ಟಿದವರಂತೆ ಮಾತಾಡಿ, ಪ್ರತಿ ವಾಕ್ಯದ ತುದಿಗೆ 'ಆಯ್ತಲ್ಲ' ಎಂದು ಸೇರಿಸಿದರೆ ಮುಗಿಯಿತು. ಹಿರಿಯ ಸಿಸ್ಟರ್ ಕಷ್ಟ. ಅವರು ಬೈಯುವಾಗಲೂ ನಗುತ್ತಾರೆ, ನಗುವಾಗಲೂ ಬೈಯುತ್ತಾರೆ. ಎರಡನ್ನೂ ಒಂದೇ ಗಂಟಲಿನಲ್ಲಿ ತರಬೇಕು. ನನ್ನನ್ನು ನಾನೇ ಮಾಡುವುದು ಎಲ್ಲಕ್ಕಿಂತ ಸುಲಭ. 'ಆಗೋಯ್ತು ಸರ್' ಎಂದು ಹೇಳಿ ಕುರ್ಚಿಯಿಂದ ಏಳದೆ ಕೂತಿದ್ದರೆ ಸಾಕು. ಮನುಷ್ಯರು ಮುಗಿದ ಮೇಲೆ ಯಂತ್ರಗಳಿಗೆ ಕೈಹಾಕಿದೆ. ವೆಂಟಿಲೇಟರಿನ ಎಚ್ಚರಿಕೆಯ ಸದ್ದನ್ನು ಒಮ್ಮೆ ಬಾಯಲ್ಲಿ ಮಾಡಿ, ಒಬ್ಬ ಕಿರಿಯ ವೈದ್ಯರನ್ನು ಊಟದ ತಟ್ಟೆ ಬಿಟ್ಟು ಓಡುವಂತೆ ಮಾಡಿದ್ದೆ. ಆಮೇಲೆ ನಮ್ಮ ಘಟಕದಲ್ಲಿ ಯಾವ ಯಂತ್ರ ಕೂಗಿದರೂ ಹಿರಿಯ ಸಿಸ್ಟರ್ ಮೊದಲು ಯಂತ್ರವನ್ನಲ್ಲ, ನನ್ನ ಬಾಯಿಯನ್ನು ನೋಡುತ್ತಿದ್ದರು.

ನಾನು ನರ್ಸ್. ಆಸ್ಪತ್ರೆಯಲ್ಲಿ ನಮ್ಮಂಥ ಗಂಡಸರಿಗೆ 'ಬ್ರದರ್' ಎನ್ನುತ್ತಾರೆ. ಊರು ಸಾಗರ, ಕೆಲಸ ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ. ಅಲ್ಲಿ ನಡೆಯುತ್ತಿದ್ದ ಒಂದು ಪ್ರಯೋಗಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳೂ ಸೇರುತ್ತಿದ್ದವು. ಆ ಮನೆಯವರಿಗೆ ವಿಷಯ ವಿವರಿಸುವುದು, ಮಗು ಮನೆಗೆ ಹೋದ ಮೇಲೆ ಅದರ ಉಸಿರಿನ ಬೆನ್ನು ಹತ್ತುವುದು ನನ್ನ ಪಾಲಿಗೆ ಬಂತು. 'ನಿನಗೆ ಆ ಕಡೆ ಮಾತು ಬರ್ತದೆ, ಆಯ್ತಲ್ಲ' ಎಂದಿದ್ದರು ಮುಖ್ಯ ವೈದ್ಯರು.

ತೀರಾ ಮುಂಚೆ ಹುಟ್ಟಿದ ಮಗುವಿನ ಶ್ವಾಸಕೋಶ ಅರ್ಧ ಕಟ್ಟಿದ ಮನೆಯಂತೆ. ಹೊರಗೋಡೆ ಎದ್ದಿರುತ್ತದೆ, ಕೋಣೆಗಳಾಗಿರುವುದಿಲ್ಲ. ಮಗುವನ್ನು ಬದುಕಿಸಬೇಕಾದರೆ ಯಂತ್ರದಿಂದ ಗಾಳಿ ತಳ್ಳಬೇಕು, ಆಕ್ಸಿಜನ್ ಕೊಡಬೇಕು. ಬದುಕಿಸುವ ಆ ಗಾಳಿ, ಆ ಆಕ್ಸಿಜನ್ನೇ ಹಸಿ ಶ್ವಾಸಕೋಶಕ್ಕೆ ಉರಿಯೂತವನ್ನೂ ತರುತ್ತವೆ. ಹಾಗೆ ಉಳಿದ ಮಕ್ಕಳಲ್ಲಿ ಹಲವರಿಗೆ ಅದು ಕಾಯಂ ಕಾಯಿಲೆಯಾಗುತ್ತದೆ. ತಿಂಗಳುಗಟ್ಟಲೆ ಆಕ್ಸಿಜನ್, ಸಣ್ಣ ನೆಗಡಿಗೂ ಆಸ್ಪತ್ರೆ. ಪ್ರಯೋಗ ಇದನ್ನು ತಡೆಯಬಹುದೇ ಎಂದು ನೋಡುವುದಕ್ಕೆ. ದಿನ ತುಂಬಿ ಹುಟ್ಟಿದ ಬೇರೆ ಮಕ್ಕಳ ಹೊಕ್ಕುಳಬಳ್ಳಿಯನ್ನು ತಾಯಂದಿರು ಒಪ್ಪಿ ಕೊಟ್ಟಿರುತ್ತಾರೆ. ಅದರಿಂದ ಒಂದು ಬಗೆಯ ಜೀವಕೋಶಗಳನ್ನು ತೆಗೆದು ಬೆಳೆಸಿ, ದ್ರವ ಸಾರಜನಕದ ಚಳಿಯಲ್ಲಿ ಇಟ್ಟಿರುತ್ತಾರೆ. ನಮ್ಮ ಪುಟ್ಟ ಮಗು ಇನ್ನೂ ಯಂತ್ರದಲ್ಲಿರುವಾಗ, ಉಸಿರಿನ ಕೊಳವೆಯ ಮೂಲಕವೇ ಅವನ್ನು ಒಳಗೆ ಬಿಡುವುದು. ಅವು ಅಲ್ಲಿ ಹೊಸ ಶ್ವಾಸಕೋಶವಾಗಿ ಬೆಳೆಯುವುದಿಲ್ಲ. ಸ್ವಲ್ಪ ಕಾಲ ಇದ್ದು, ಉರಿಯೂತ ತಣಿಸುವ ವಸ್ತುಗಳನ್ನು ಬಿಟ್ಟು ಮಾಯವಾಗುತ್ತವೆ ಎಂದು ತಿಳಿದವರ ಲೆಕ್ಕಾಚಾರ. ಅದು ನಿಜವೇ ಎಂಬುದೇ ಪ್ರಶ್ನೆ. ಅದಕ್ಕಾಗಿ ಅರ್ಧ ಮಕ್ಕಳಿಗೆ ಜೀವಕೋಶ, ಇನ್ನರ್ಧಕ್ಕೆ ಇಲ್ಲ. ಯಾರಿಗೆ ಯಾವುದು ಎಂದು ಮನೆಯವರಿಗೂ ಗೊತ್ತಿಲ್ಲ, ಮುಖ್ಯ ವೈದ್ಯರಿಗೂ ಗೊತ್ತಿಲ್ಲ. ನನಗಂತೂ ಗೊತ್ತಾಗಲೇ ಕೂಡದು. ನನಗೆ ಗೊತ್ತಾದದ್ದು ಸಂಜೆಯೊಳಗೆ ಕ್ಯಾಂಟೀನಿಗೂ ಗೊತ್ತಾಗುತ್ತದೆ ಎಂಬುದು ಹಿರಿಯ ಸಿಸ್ಟರರ ಅಭಿಪ್ರಾಯ.

ಈ ಮಗು ಹೊಸನಗರದ ಕಡೆಯದು. ಬಸಿರಿಗೆ ಆರು ತಿಂಗಳು ತುಂಬಿ ಸ್ವಲ್ಪಕ್ಕೇ ಹುಟ್ಟಿತ್ತು. ಒಂದು ಕಿಲೋ ಸಕ್ಕರೆ ಪೊಟ್ಟಣಕ್ಕಿಂತ ಹಗುರವಾದ ಹೆಣ್ಣುಮಗು. ತಂದೆ ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ತಾಯಿ ತವರಿನಲ್ಲಿದ್ದಾಗಲೇ ನೋವು ಕಾಣಿಸಿಕೊಂಡಿತ್ತು. ಜೊತೆಗೆ ಬಂದವರು ತಾಯಿಯ ತಾಯಿ, ಅಂದರೆ ಮಗುವಿನ ಅಜ್ಜಿ. ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ನಿವೃತ್ತಿಯಾದವರು. ಇಡೀ ಶಾಲೆಯನ್ನು ಸಾಲಾಗಿ ಕೂರಿಸಿದ ಧ್ವನಿ ಇನ್ನೂ ಸವೆದಿರಲಿಲ್ಲ.

ಒಪ್ಪಿಗೆ ಕೇಳುವಾಗ ಎಲ್ಲ ಮಾತುಕತೆಯನ್ನೂ ವಿಡಿಯೊ ಮಾಡಬೇಕೆಂಬ ನಿಯಮ. ಕ್ಯಾಮೆರಾ ಕೈಯಲ್ಲಿ ಹಿಡಿದು, ನಾನು ಆದಷ್ಟು ಗಂಭೀರ ಮುಖ ಮಾಡಿಕೊಂಡು ವಿವರಿಸಿದೆ. ತಂದೆ ತಾಯಿ ಸುಮ್ಮನೆ ಕೇಳಿದರು. ಅಜ್ಜಿಗೆ ಪ್ರಶ್ನೆ ಇತ್ತು.

"ಬೇರೆ ಯಾರದೋ ಮಗೀನ ಹೊಕ್ಕುಳಬಳ್ಳಿ ಅಂದ್ಯಲ್ಲ ತಮ್ಮಾ. ಹಂಗಾದ್ರೆ ಆ ಮನೆ ಪುರುಡು ನಮಗೂ ಬರ್ತದಾ?"

ಪುರುಡು ಎಂದರೆ ಹೆರಿಗೆಯಾದ ಮನೆಯವರಿಗೆ ಕೆಲ ದಿನ ತಗಲುವ ಮೈಲಿಗೆ. ನಮಗೆ ತರಬೇತಿ ಕೊಟ್ಟವರು ನೂರು ಪ್ರಶ್ನೆಗಳಿಗೆ ಉತ್ತರ ಕಲಿಸಿದ್ದರು. ಇದಕ್ಕೆ ಕಲಿಸಿರಲಿಲ್ಲ.

"ಅವರ ಪುರುಡು ಯಾವತ್ತೋ ಮುಗಿದಿರ್ತದೆ ಅಜ್ಜಿ. ಈ ಜೀವಕೋಶ ಬಹಳ ಕಾಲದಿಂದ ಚಳಿಲಿ ಇಟ್ಟಿದಾರೆ."

"ಚಳಿಲಿ ಇಟ್ರೆ ಎಂತದೂ ಕೆಡಲ್ಲ ಅಂತ ನೀನೇ ಅಂದೆ. ಪುರುಡು ಮಾತ್ರ ಕೆಡ್ತದಾ?"

ತಂದೆ ನಡುವೆ ಬಾಯಿ ಹಾಕಿದರು. "ಅತ್ತೆ, ನನ್ನ ಬಸ್ಸಲ್ಲಿ ದಿನಾ ಎಷ್ಟು ಮನೆ ಪುರುಡು ಹತ್ತಿ ಇಳೀತದೋ. ಯಾರ್ನ ಕೇಳಿ ಟಿಕೆಟ್ ಹರೀಲಿ?"

ಆ ವಿಡಿಯೊದಲ್ಲಿ ಕ್ಯಾಮೆರಾ ಸ್ವಲ್ಪ ಅಲುಗಿದೆ. ಅದು ನಾನು ನಗು ತಡೆದದ್ದು. ಆದರೆ ಮುಂದಿನ ಮಾತು ತಾಯಿಯದು. ಹಾಸಿಗೆಯ ತುದಿಯಲ್ಲಿ ಕೂತು, ಹೆಬ್ಬೆರಳಿನಿಂದ ಸೆರಗನ್ನು ಸುತ್ತುತ್ತ, ಅಷ್ಟು ಹೊತ್ತು ತೆರೆಯದ ಬಾಯಿ ತೆರೆದರು.

"ಅರ್ಧ ಮಕ್ಕಳಿಗೆ ಕೊಡಲ್ಲ ಅಂದ್ರಲ್ಲ. ನಮ್ಮದಕ್ಕೆ ಸಿಗ್ದೇ ಇದ್ರೆ?"

ಉಳಿದ ಚಿಕಿತ್ಸೆ ಎಲ್ಲರಿಗೂ ಒಂದೇ ಎಂದೆ. ಕೊಟ್ಟರೂ ಗುಣವಾಗಿಯೇ ಆಗುತ್ತದೆ ಎಂದು ಹೇಳಲಾರೆವು, ತೊಂದರೆಯೂ ಆಗಬಹುದು, ಬೇಡ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದೂ ಹೇಳಿದೆ. ಅವರು ಗಂಡನ ಮುಖ ನೋಡಿದರು. ಇಬ್ಬರೂ ಸಹಿ ಹಾಕಿದರು. ಅಜ್ಜಿ ಕ್ಯಾಮೆರಾದ ಕಡೆ ತಿರುಗಿ, ಅದರೊಳಗೆ ಯಾರೋ ದೊಡ್ಡವರು ಕೂತಿದ್ದಾರೆ ಎಂಬಂತೆ, "ಸರಿಯಾಗಿ ನೋಡ್ಕಳಿ" ಎಂದರು.

ಕೊಡುವ ದಿನ ನಮ್ಮ ಘಟಕದ ಒಂದು ಮೂಲೆಗೆ ಹಸಿರು ಪರದೆ ಎಳೆಯುತ್ತಾರೆ. ಪ್ರಯೋಗಾಲಯದವರು ಜೀವಕೋಶಗಳ ಸೀಸೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಹಿಮ ಕರಗಿಸಿ, ಅವನ್ನು ತೊಳೆದು, ಎಷ್ಟು ಬದುಕಿವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಿರಿಂಜಿಗೆ ತುಂಬಿ ತರುತ್ತಾರೆ. ಒಳಗಿರುವುದು ತಿಳಿಯೋ ಮಬ್ಬೋ ಎಂದು ಕಾಣಬಾರದೆಂದು ಸಿರಿಂಜಿಗೆ ಕಪ್ಪು ಟೇಪು ಸುತ್ತಿರುತ್ತದೆ. ಜೀವಕೋಶ ಇಲ್ಲದ ಪಾಳಿ ಬಂದ ಮಗುವಿಗೂ ಅದೇ ಪರದೆ, ಅದೇ ಟೇಪು, ಅಷ್ಟೇ ಹೊತ್ತು. ಪರದೆಯ ಒಳಗಿರುವ ಇಬ್ಬರು ಆ ಮಗುವಿನ ಬೇರೆ ಕೆಲಸಕ್ಕೆ ಬರುವಂತಿಲ್ಲ, ಮಾತಾಡುವಂತಿಲ್ಲ.

ನಾನು ಪರದೆಯ ಈಚೆ. ಮಾನಿಟರಿನಲ್ಲಿ ಮಗುವಿನ ರಕ್ತದ ಆಕ್ಸಿಜನ್ ಮಟ್ಟದ ಅಂಕಿ ಮಾತ್ರ ಕಾಣುತ್ತಿತ್ತು. ತೊಂಬತ್ತೆರಡು, ತೊಂಬತ್ತು, ಎಂಬತ್ತೈದು, ಎಪ್ಪತ್ತು. ಎಚ್ಚರಿಕೆ ಕೂಗಿತು. ಹಿರಿಯ ಸಿಸ್ಟರ್ ನನ್ನ ಬಾಯಿ ನೋಡಿದರು.

"ನಾನಲ್ಲ ಸಿಸ್ಟರ್."

ಅವರ ಮುಖದಲ್ಲಿ ನಗುವೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಪರದೆಯೊಳಗೆ ಗಾಳಿಚೀಲ ಒತ್ತುವ ಸಣ್ಣ ಸದ್ದು ಕೇಳಿಸಿತು. ಅಂಕಿ ನಿಧಾನವಾಗಿ ಮೇಲೆ ಹತ್ತಿತು. ಪರದೆ ಸರಿಸಿದಾಗ ಮಗು ಮೊದಲು ಹೇಗಿತ್ತೋ ಹಾಗೆಯೇ ಇತ್ತು.

ಮುಂದಿನ ವಾರಗಳಲ್ಲಿ ಮಗು ಯಂತ್ರದಿಂದ ಹೊರಬಂತು, ಮತ್ತೆ ಹೋಯಿತು, ಮತ್ತೆ ಬಂತು. ಕೊನೆಗೆ ಮೂಗಿನ ಬಳಿ ಸಣ್ಣ ಕೊಳವೆಯಲ್ಲಿ ನಿಮಿಷಕ್ಕೆ ಕಾಲು ಲೀಟರ್ ಆಕ್ಸಿಜನ್ ಸಾಕು ಎಂಬಲ್ಲಿಗೆ ನಿಂತಿತು. ಅದರಿಂದ ಕೆಳಕ್ಕೆ ಇಳಿಯಲಿಲ್ಲ. ಹುಟ್ಟಬೇಕಿದ್ದ ದಿನ ಬಂದು ಹೋಯಿತು, ಆಕ್ಸಿಜನ್ ಹೋಗಲಿಲ್ಲ. ಕಾಯಿಲೆ ಪೂರ್ತಿ ತಪ್ಪಲಿಲ್ಲ, ತೀವ್ರವೂ ಆಗಲಿಲ್ಲ ಎಂದರು ಮುಖ್ಯ ವೈದ್ಯರು. ಮನೆಯಲ್ಲೇ ಆಕ್ಸಿಜನ್ ಕೊಟ್ಟು, ನಿಧಾನವಾಗಿ ಬಿಡಿಸೋಣ ಎಂದು ತೀರ್ಮಾನವಾಯಿತು. ಈ ಹೊತ್ತಿನಲ್ಲಿ ಒಂದು ಕೆಟ್ಟ ನೆಗಡಿ ಬಂದರೂ ಇಷ್ಟು ದಿನದ ಗಳಿಕೆ ಹೋಗುತ್ತದೆ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಆಯ್ತಲ್ಲ ಎನ್ನಲಿಲ್ಲ.

ಮನೆಗೆ ಕಳಿಸುವ ಮೊದಲು ಕಲಿಸುವುದು ನನ್ನ ಕೆಲಸ. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಪೆಟ್ಟಿಗೆ ಯಂತ್ರ, ಕರೆಂಟು ಹೋದರೆ ಸಣ್ಣ ಸಿಲಿಂಡರ್, ಪಾದಕ್ಕೆ ಸುತ್ತಿ ಅಂಕಿ ನೋಡುವ ಸಾಧನ. ತೊಂಬತ್ತೊಂದರಿಂದ ತೊಂಬತ್ತೈದರ ನಡುವೆ ಇದ್ದರೆ ಸರಿ. ಇದನ್ನು ಸರಳ ಮಾಡಲು ಹೋಗಿ, "ತೊಂಬತ್ತು ದಾಟಿದ್ರೆ ಪಾಸ್" ಎಂದೆ. ಎಲ್ಲರೂ ನಕ್ಕರು. ಯಂತ್ರದ ನಾಬು ಕಾಲು ಲೀಟರಿನಿಂದ ಜರುಗಬಾರದೆಂದು ಅದರ ಮೇಲೆ ಅಡ್ಡಲಾಗಿ ಪ್ಲಾಸ್ಟರ್ ಅಂಟಿಸಿದೆ.

ಇನ್ನೊಂದು ಕಷ್ಟವಿತ್ತು. ಮಗು ಹೋಗುವುದು ಅಜ್ಜಿಯ ಮನೆಗೆ, ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಸಿಗ್ನಲ್ ಇರುವುದು ರಸ್ತೆಯ ಬಸ್ ಸ್ಟಾಪಿನಲ್ಲಿ. ಮಗುವನ್ನು ಅಲ್ಲಿಗೆ ತರುವಂತಿಲ್ಲ, ಉಸಿರನ್ನು ನನಗೆ ಕೇಳಿಸುವಂತಿಲ್ಲ. "ಜೋರು ಉಸಿರು ಬಿಡ್ತಿದೆ" ಎಂದು ಹತ್ತು ಮನೆಯವರು ಹತ್ತು ಅರ್ಥದಲ್ಲಿ ಹೇಳುತ್ತಾರೆ. ಯೋಚಿಸಿ ಯೋಚಿಸಿ ನನಗೆ ಬರುವ ಏಕೈಕ ವಿದ್ಯೆಯನ್ನೇ ತೆಗೆದೆ. ಮಗು ಹೇಗೆ ಉಸಿರಾಡುತ್ತದೋ ಹಾಗೇ ನೀವು ಮಾಡಿ ತೋರಿಸಿ, ನಾನು ಫೋನಿನಲ್ಲಿ ಕೇಳುತ್ತೇನೆ ಎಂದೆ. ಆತುರದ ಉಸಿರು ಹೀಗೆ, ಮೂಗು ಕಟ್ಟಿದ್ದು ಹೀಗೆ, ಸಿಳ್ಳೆ ಹೊಡೆಯುವ ಉಸಿರು ಹೀಗೆ. ತಾಯಿಗೆ ನಾಚಿಕೆ. ತಂದೆ ಮಾಡಿದರೆ ಅವರ ಬಸ್ಸಿನ ಬ್ರೇಕಿನಂತೆ ಕೇಳುತ್ತಿತ್ತು. ಅಜ್ಜಿ ಒಮ್ಮೆ ನನ್ನನ್ನು, ಒಮ್ಮೆ ಮಗುವನ್ನು ನೋಡಿ, ಕಣ್ಣು ಅರ್ಧ ಮುಚ್ಚಿ ಮಾಡಿದರು. ನನಗೆ ಹೊಟ್ಟೆಕಿಚ್ಚಾಯಿತು.

"ಇದೆಲ್ಲ ಕೆಟ್ಟ ಉಸಿರಾಯ್ತು. ಸರಿ ಇರೋ ಉಸಿರು ಹೆಂಗೆ, ಅದನ್ನ ಮಾಡು ನೋಡನ" ಎಂದರು.

ಬಾಯಿ ತೆರೆದೆ. ಏನೂ ಬರಲಿಲ್ಲ. "ಅದಕ್ಕೆ ಸದ್ದಿರಲ್ಲ ಅಜ್ಜಿ. ಅದನ್ನ ಮಾಡಕ್ಕೆ ನಂಗೆ ಬರಲ್ಲ."

"ಹಂಗಾದ್ರೆ ನೀ ಕಲ್ತಿದ್ದು ಎಂತ ಮಾರಾಯ" ಎಂದು ಮಗುವಿನ ಟೋಪಿ ಸರಿಮಾಡಿದರು.

ಹೀಗೆ ಅಜ್ಜಿಯ ಫೋನು ಶುರುವಾಯಿತು. ಬೆಳಿಗ್ಗೆ ಮಗುವಿನ ಪಕ್ಕ ಕೂತು ನೋಡಿಕೊಂಡು, ಮರೆಯುವ ಮೊದಲೇ ಬಸ್ ಸ್ಟಾಪಿಗೆ ಬರುವರು. ಬಸ್ಸಿಗೆ ಕಾದವರ ಎದುರೇ ಮೊಬೈಲು ಬಾಯಿಗೆ ಹಿಡಿದು ಮಗುವಾಗುವರು. ಒಮ್ಮೆ ಹಿಂದಿನಿಂದ ಯಾರೋ "ಯಜಮಾನ್ತೀರಿಗೆ ದಮ್ಮು ಶುರುವಾತಾ" ಎಂದು ಕೇಳಿದ್ದು ನನಗೂ ಕೇಳಿಸಿತು. "ನಿಂಗೆ ಬುದ್ಧಿ ಶುರುವಾದ ಮೇಲೆ ನಂಗೆ ದಮ್ಮು ಶುರುವಾಗ್ತದೆ" ಎಂದ ಅಜ್ಜಿ, ಬಿಟ್ಟಲ್ಲಿಂದ ಉಸಿರು ಮುಂದುವರಿಸಿದರು.

ಕೆಲ ವಾರ ಚೆನ್ನಾಗಿಯೇ ಇತ್ತು. ಆಮೇಲೆ ತೊಟ್ಟಿಲು ಶಾಸ್ತ್ರ ಬಂತು. ಹುಟ್ಟಿದಾಗ ಆಸ್ಪತ್ರೆಯಲ್ಲಿದ್ದ ಮಗುವಿಗೆ ತೊಟ್ಟಿಲಿಗೆ ಹಾಕುವುದು ಬಾಕಿಯಿತ್ತು. ಮನೆಯವರು ಮಾತ್ರ ಇರಲಿ, ಬೇರೆ ಯಾರನ್ನೂ ಕರೆಯಬೇಡಿ ಎಂದಿದ್ದೆ. ಮನೆಯವರು ಮಾತ್ರವೇ ಬಂದರಂತೆ. ಆದರೆ ಕಂಡಕ್ಟರರಿಗೆ ಬಸ್ ಸ್ಟ್ಯಾಂಡೇ ಮನೆ. ಡ್ರೈವರು, ಏಜೆಂಟರು, ಅವರ ಹೆಂಡತಿ ಮಕ್ಕಳು ಎಲ್ಲರೂ ಮನೆಯವರೇ.

ಅದಾಗಿ ಕೆಲವು ದಿನಕ್ಕೆ ನಾನು ಇನ್ನೊಂದು ಮಗುವನ್ನು ನೋಡಲು ತೀರ್ಥಹಳ್ಳಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಅಜ್ಜಿಯ ಫೋನು.

"ಇವತ್ತಿಂದು ಮಾಡ್ಲಾ ತಮ್ಮಾ?"

"ಮಾಡಿ ಅಜ್ಜಿ."

ಮಾಡಿದರು. ಆತುರದ ಉಸಿರು, ಅದು ನಾನು ಕಲಿಸಿದ್ದೇ. ಆದರೆ ಪ್ರತಿ ಉಸಿರಿನ ತುದಿಗೆ ಗಂಟಲಿನಲ್ಲಿ ಸಣ್ಣದೊಂದು 'ಹ್ಞ' ಇತ್ತು. ಭಾರ ಎತ್ತುವವರು ತಿಣುಕಿ ಮುಕ್ಕಿದ ಹಾಗೆ.

"ಅಜ್ಜಿ, ಕೊನೆಗೆ ಒಂದು ಸದ್ದು ಬಂತಲ್ಲ, ಅದು ನಿಮ್ದಾ ಅವಳ್ದಾ?"

"ನಂದ್ಯಾಕೆ ಆಗ್ತದೆ. ನಂಗೆ ಮಂಡಿನೋವು ಒಂದೇ ಇರದು. ಅವಳ್ದೇ. ಬೆಳಿಗ್ಗೆಯಿಂದ ಹಂಗೆ ಮಾಡ್ತದೆ. ಹಾಲೂ ಅರ್ಧ ಕುಡ್ದು ಮುಖ ತಿರುಗಿಸ್ತದೆ."

"ನಂಬರ್ ಎಷ್ಟಿದೆ?"

"ತೊಂಬತ್ತಾರು. ಚಲೋ ಅಲ್ದಾ?"

ಚಹಾ ಲೋಟವನ್ನು ಕಟ್ಟೆಯ ಮೇಲಿಟ್ಟೆ. ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಹೋಗುವಂತಾದಾಗ, ಅವನ್ನು ತೆರೆದಿಡಲು ಮಗು ಗಂಟಲನ್ನು ಅರ್ಧ ಹಿಡಿದು ಉಸಿರು ಬಿಡುತ್ತದೆ. ಆಗ ಬರುವುದು ಆ ಸದ್ದು. ಅದನ್ನು ನಾನು ಅಜ್ಜಿಗೆ ಕಲಿಸಿರಲಿಲ್ಲ. ಹೆದರಿಸಬಾರದೆಂದು ಬಿಟ್ಟಿದ್ದೆ. ಕಲಿಸದ ಸದ್ದು ಅವರ ಬಾಯಿಗೆ ಬಂದಿದೆ ಎಂದರೆ ಮಗುವಿನಿಂದಲೇ ಬಂದಿರಬೇಕು. ಆದರೆ ಮುಕ್ಕುವ ಮಗುವಿನ ಅಂಕಿ ತೊಂಬತ್ತಾರು ಹೇಗೆ? ಎರಡರಲ್ಲಿ ಒಂದು ಸುಳ್ಳು. ಮನೆಗೆ ಹೋಗಿ ಮಗುವಿನ ಹತ್ತಿರವೇ ಇರಿ ಎಂದು ಅಜ್ಜಿಯನ್ನು ಕಳಿಸಿ ಮುಖ್ಯ ವೈದ್ಯರಿಗೆ ಫೋನ್ ಮಾಡಿದೆ.

"ಸರ್, ಹೊಸನಗರದ ಮಗು ಮುಕ್ಕುತ್ತಿದೆ."

"ನೋಡಿದ್ಯಾ?"

"ಇಲ್ಲ ಸರ್. ಕೇಳಿದೆ."

"ಮಗೂದು ಫೋನಲ್ಲಿ ಕೇಳಿಸ್ತಾ?"

"ಮಗುವಿನದ್ದಲ್ಲ. ಅಜ್ಜಿ ಮಾಡಿ ತೋರಿಸಿದ್ರು."

"ಅಂದ್ರೆ ನೀನು ಕೇಳಿದ್ದು ಅಜ್ಜಿನ."

"ಹೌದು ಸರ್. ಹೀಗೆ ಇತ್ತು" ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಾಡಿದೆ. ಪಕ್ಕದಲ್ಲಿ ಕೂತಿದ್ದವರು ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ಅಂಕಿ ಎಷ್ಟು?"

"ತೊಂಬತ್ತಾರು."

"ತೊಂಬತ್ತಾರು ಇರೋ ಮಗೂನ ಘಟ್ಟ ಇಳಿಸಿ ತರೋದಾ? ದಾರಿಲಿ ಏನಾದ್ರೂ ಆದ್ರೆ? ಇವತ್ತು ಗಮನಿಸ್ಲಿ, ನಾಳೆ ಹೋಗಿ ನೋಡ್ಕೊಂಡು ಬಾ. ಮತ್ತೆ ನೋಡು, ಎಲ್ಲದನ್ನೂ ಮಾಡಿ ತೋರಿಸ್ಬೇಡ. ನಂಗೆ ನಿನ್ನ ಸದ್ದು ಯಾವುದು ನಿಜ ಯಾವುದು ಅಂತ ಗೊತ್ತಾಗಲ್ಲ. ಆಯ್ತಲ್ಲ."

ಅವರು ಹೇಳಿದ್ದು ತಪ್ಪಲ್ಲ. ಅವರ ಜಾಗದಲ್ಲಿ ನಾನಿದ್ದರೆ ನನ್ನ ಫೋನನ್ನು ಎತ್ತುತ್ತಲೇ ಇರಲಿಲ್ಲ.

ನಾಳೆಯವರೆಗೆ ಕಾಯುವುದು ಆಗಲಿಲ್ಲ. ಸ್ಟ್ಯಾಂಡಿನಲ್ಲಿ ಹೊರಟು ನಿಂತದ್ದು ಮಗುವಿನ ತಂದೆಯದೇ ಬಸ್ಸು. ಹತ್ತಿದೆ.

"ಬ್ರದರ್, ಸಾಗರಕ್ಕಾ?"

"ನಿಮ್ಮತ್ತೆ ಮನೆಗೆ. ಸುಮ್ನೆ, ಮಗು ನೋಡ್ಕೊಂಡು ಹೋಗಣ ಅಂತ."

ಅವರ ಮುಖ ಅರಳಿತು. ಮುಂದಿನ ಸೀಟು ಖಾಲಿ ಮಾಡಿಸಿ ಕೂರಿಸಿದರು. ಬಸ್ಸು ಊರು ದಾಟಿದ ಮೇಲೆ ಟಿಕೆಟ್ ಕೊಟ್ಟು ಮುಗಿಸಿ ಪಕ್ಕ ಬಂದು ನಿಂತರು.

"ಈಗ ಆರಾಮಿದಾಳೆ. ತೊಂಬತ್ತಾರು ತಗೀತಿದಾಳೆ ಬ್ರದರ್."

"ಮೊದ್ಲು ತೊಂಬತ್ತೆರಡು ಇತ್ತಲ್ಲ?"

"ಮೊನ್ನೆ ರಜಕ್ಕೆ ಹೋದಾಗ ತೊಂಬತ್ತೂ ಇರ್ಲಿಲ್ಲ. ಎಂಬತ್ತೊಂಬತ್ತು. ಫೇಲ್ ಅಲ್ವಾ? ಬೇಜಾರಾತು. ನಾಬು ಸ್ವಲ್ಪ ತಿರುಗಿಸ್ದೆ. ಮೇಲೆ ಬಂತು."

"ಸ್ವಲ್ಪ ಅಂದ್ರೆ?"

ಟಿಕೆಟ್ ಹಿಡಿದ ಕೈಯಲ್ಲೇ ಬೀಗ ತೆಗೆಯುವಂತೆ ತಿರುಗಿಸಿ ತೋರಿಸಿದರು. ಕಾಲು ಲೀಟರಿನಿಂದ ಒಂದು ಲೀಟರಿನ ಆಚೆಗೆ.

"ಅದ್ರ ಮೇಲೆ ಪ್ಲಾಸ್ಟರ್ ಇತ್ತಲ್ಲ?"

"ಅದನ್ನ ಹಾಳು ಮಾಡಿಲ್ಲ ಬ್ರದರ್. ನಿಧಾನಕ್ಕೆ ಬಿಡಿಸಿ, ಮತ್ತೆ ಹಂಗೇ ಅಂಟಿಸಿದೀನಿ."

ಎರಡರಲ್ಲಿ ಯಾವುದು ಸುಳ್ಳು ಎಂದು ಈಗ ಗೊತ್ತಾಯಿತು. ಎರಡೂ ನಿಜ. ಮಗು ಸೋಲುತ್ತಿತ್ತು, ನಾಲ್ಕು ಪಟ್ಟಿಗೂ ಹೆಚ್ಚು ಆಕ್ಸಿಜನ್ ಆ ಸೋಲನ್ನು ಮುಚ್ಚಿಟ್ಟಿತ್ತು. ಪ್ಲಾಸ್ಟರ್ ಇದ್ದಲ್ಲೇ ಇದ್ದದ್ದರಿಂದ ಮನೆಯಲ್ಲಿ ಯಾರಿಗೂ ಸಂಶಯ ಬಂದಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಪಾಸ್ ಆದರೆ ಸಾಕು ಎನ್ನುವ ತಂದೆ ಯಾರಿದ್ದಾರೆ? ನಾನು ಅಂಕಿಯನ್ನು ಮಾರ್ಕ್ಸ್ ಮಾಡಿದೆ, ಅವರು ಮಗಳಿಗೆ ಡಿಸ್ಟಿಂಕ್ಷನ್ ಕೊಡಿಸಿದರು.

ಫೋನು ತೆಗೆದೆ. ಸಿಗ್ನಲ್ ಇಲ್ಲ. ಒಂದು ಏರು ಹತ್ತಿದಾಗ ಸಿಕ್ಕಿತು. ಈ ಸಲ ಯಾವ ಸದ್ದನ್ನೂ ಮಾಡಲಿಲ್ಲ. ನಾಬಿನ ವಿಷಯ ಮಾತ್ರ ಹೇಳಿದೆ.

ಮುಖ್ಯ ವೈದ್ಯರು ಕೂಡಲೇ ಮಾತಾಡಿದರು. "ಈಗಲೇ ಹೊಸನಗರದ ಆಸ್ಪತ್ರೆಗೆ ಸೇರಿಸು. ಅಲ್ಲಿಗೆ ನಾನು ಮಾತಾಡ್ತೀನಿ, ಇಲ್ಲಿಂದ ನಮ್ಮ ಆಂಬುಲೆನ್ಸ್ ಹೊರಡ್ತದೆ. ಅಲ್ಲಿವರೆಗೆ..." ಅಷ್ಟರಲ್ಲಿ ಇಳಿಜಾರು ಬಂತು, ಮಾತು ತುಂಡಾಯಿತು.

ಮುಂದಿನ ಏರಿನಲ್ಲಿ ಮತ್ತೆ ಸಿಗ್ನಲ್ ಸಿಕ್ಕಿ, ಹತ್ತಿರದ ಆಂಬುಲೆನ್ಸಿಗೆ ಕರೆ ಮಾಡಿದರೆ ಅದು ಶಿವಮೊಗ್ಗದ ದಾರಿಯಲ್ಲಿತ್ತು. ಅದು ತಿರುಗಿ ಬರುವವರೆಗೆ ಮನೆಯಲ್ಲೇ ಮಗುವಿನ ಪಕ್ಕ ಕಾಯುವುದೇ, ಇಲ್ಲ ಈ ಬಸ್ಸಿನಲ್ಲೇ ಕರೆದೊಯ್ಯುವುದೇ? ಗುಂಡಿ ಬಿದ್ದ ರಸ್ತೆ, ಜನ, ಬೀಡಿ, ಕಾಲ ಬಳಿ ಆಕ್ಸಿಜನ್ ಸಿಲಿಂಡರ್. ಕಲಿತ ಯಾವ ಪಾಠದಲ್ಲೂ ಇಂಥ ಬಸ್ಸು ಇರಲಿಲ್ಲ. ಆದರೆ ಮುಕ್ಕುವ ಮಗು ಎಷ್ಟು ಹೊತ್ತು ಮುಕ್ಕೀತು ಎಂದು ಯಾರಿಗೂ ಗೊತ್ತಿಲ್ಲ. ಸುಸ್ತಾದರೆ ಅದು ಆ ಸದ್ದನ್ನೂ ನಿಲ್ಲಿಸುತ್ತದೆ. ಆಗ ಮನೆಯವರು ಸುಧಾರಿಸಿತು ಎಂದುಕೊಳ್ಳುತ್ತಾರೆ. ಬಸ್ಸು ಎಂದು ನಿರ್ಧರಿಸಿದೆ.

ತಂದೆಗೆ ಹೇಳಿದೆ. ಆದಷ್ಟು ಮೆಲ್ಲಗೆ ಹೇಳಿದೆ. ಅವರ ಕೈಲಿದ್ದ ಟಿಕೆಟ್ ಯಂತ್ರ ಸುಮ್ಮನೆ ಖಾಲಿ ಕಾಗದ ಬಿಡುತ್ತಿತ್ತು. ಗುಂಡಿ ಒತ್ತಿ ಹಿಡಿದದ್ದು ಅವರಿಗೆ ಗೊತ್ತಿರಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡಿ, "ಹೋಗಿ ಕರ್ಕೊಂಡು ಬನ್ನಿ, ನಾ ನಿಲ್ಸಿರ್ತೀನಿ" ಎಂದರು. ತಾಲ್ಲೂಕು ಕಚೇರಿಗೆ ಹೊರಟಿದ್ದ ಒಬ್ಬರು ತಮ್ಮ ಕೆಲಸ ಹೋಯಿತು ಎಂದು ಗೊಣಗಿದರು. ಗೊಣಗುತ್ತಲೇ ಮುಂದಿನ ಉದ್ದ ಸೀಟಿನಿಂದ ಎದ್ದು ಹಿಂದೆ ಹೋದರು.

ಮನೆಯಲ್ಲಿ ಮಗುವಿನ ಅಂಗಿ ಎತ್ತಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಗಳ ನಡುವೆ ಚರ್ಮ ಒಳಗೆ ಸೇದುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಮತ್ತೆ ಆ 'ಹ್ಞ'. ಅಜ್ಜಿ ಮಾಡಿದ್ದಕ್ಕಿಂತ ಒಂದು ಎಳೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

"ನಾ ತಪ್ಪು ಮಾಡಿ ತೋರಿಸ್ಲಿಲ್ಲ ತಾನೆ?" ಎಂದರು ಅಜ್ಜಿ ಬಾಗಿಲಿನಿಂದ.

"ಇಲ್ಲ ಅಜ್ಜಿ. ಸರಿಯಾಗೇ ಮಾಡಿದ್ರಿ."

ಸಿಲಿಂಡರಿಗೆ ಕೊಳವೆ ಬದಲಿಸಿ, ತಾಯಿ ಮಗುವನ್ನು ಎದೆಗೆ ಕಟ್ಟಿಕೊಂಡು, ಎಲ್ಲರೂ ರಸ್ತೆಗೆ ಬಂದೆವು. ಬಸ್ಸಿನಲ್ಲಿ ಹಾಡು ನಿಂತಿತ್ತು. ಸಿಲಿಂಡರನ್ನು ಮೊಣಕಾಲುಗಳ ನಡುವೆ ಹಿಡಿದು ಕೂತೆ. ಡ್ರೈವರು ಗುಂಡಿ ಬಂದಲ್ಲೆಲ್ಲ ಎತ್ತಿನ ಗಾಡಿಯಂತೆ ಇಳಿಸಿ ಹತ್ತಿಸಿದರು. ಮಾತಾಡುವವರೇ ಇಲ್ಲ. ಅಷ್ಟು ದೊಡ್ಡ ಬಸ್ಸಿನಲ್ಲಿ ಅಷ್ಟು ಸಣ್ಣ ಸದ್ದು ಮುಂದಿನಿಂದ ಹಿಂದಿನವರೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನಾನೂ ಅದರ ಜೊತೆಗೆ ಉಸಿರಾಡುತ್ತಿದ್ದೇನೆ ಎಂದು ಗೊತ್ತಾಯಿತು. ಪಕ್ಕಕ್ಕೆ ನೋಡಿದರೆ ಅಜ್ಜಿಯದೂ ಅದೇ ಲಯ. ತಂದೆ ಬಾಗಿಲಲ್ಲಿ ನಿಂತಿದ್ದರು. ಸೀಟಿ ಬಾಯಲ್ಲೇ ಇತ್ತು, ಒಮ್ಮೆಯೂ ಊದಲಿಲ್ಲ.

ಹೊಸನಗರದ ಆಸ್ಪತ್ರೆಯಲ್ಲಿ ವೈದ್ಯರು ಕಾಯುತ್ತಿದ್ದರು. ಅಲ್ಲಿ ಮಗುವಿನ ಉಸಿರನ್ನು ಸ್ವಲ್ಪ ಹಿಡಿತಕ್ಕೆ ತಂದರು. ನಮ್ಮ ಆಂಬುಲೆನ್ಸ್ ಬಂತು, ಘಟ್ಟ ಇಳಿದೆವು. ತೊಟ್ಟಿಲ ದಿನ ಬಂದ ಯಾವುದೋ ನೆಗಡಿ ಮಗುವಿನ ಶ್ವಾಸಕೋಶಕ್ಕೆ ಇಳಿದಿತ್ತು. ಮೂಗಿನ ಮೂಲಕ ಒತ್ತಡದ ಗಾಳಿ ಹಾಕಿದರು. ಇದರಲ್ಲಿ ನಿಂತರೆ ಸರಿ, ಇಲ್ಲದಿದ್ದರೆ ಮತ್ತೆ ವೆಂಟಿಲೇಟರ್, ಮತ್ತೆ ಅದೇ ಗಾಳಿ, ಅದೇ ಉರಿಯೂತ. ಆ ದಿನಗಳಲ್ಲಿ ನಾನು ಯಾರ ಧ್ವನಿಯನ್ನೂ ತೆಗೆಯಲಿಲ್ಲ. ಜ್ವರವೇ ಎಂದು ಹಿರಿಯ ಸಿಸ್ಟರ್ ಹಣೆ ಮುಟ್ಟಿ ನೋಡಿದರು.

"ಆ ಜೀವಕೋಶ ಇನ್ನೊಂದ್ಸಲ ಕೊಡಕ್ಕೆ ಆಗಲ್ವಾ ಬ್ರದರ್?" ಎಂದು ತಾಯಿ ಕೇಳಿದರು.

ಆಗುವುದಿಲ್ಲ, ಪ್ರಯೋಗದಲ್ಲಿ ಒಂದೇ ಸಲ ಎಂದೆ.

"ಮೊದ್ಲು ಕೊಟ್ಟಿದ್ರಾ ಇಲ್ವಾ, ಅದೂ ಗೊತ್ತಿಲ್ಲ."

"ಗೊತ್ತಿಲ್ಲ."

"ಕೊಟ್ಟಿದ್ರೆ ಅದಕ್ಕೇ ಇಷ್ಟಾದ್ರೂ ತಡ್ಕೊಂಡಿದಾಳೆ ಅಂತ ಅಂದ್ಕೊಳ್ಳದಾ? ಕೊಡ್ದೇ ಇದ್ರೆ..." ಎಂದು ನಿಲ್ಲಿಸಿ, ಗಾಜಿನಾಚೆ ನೋಡಿದರು. ಪ್ರಯೋಗ ಇನ್ನೂ ಮುಗಿದಿಲ್ಲ, ಆ ಕಪ್ಪು ಟೇಪನ್ನು ಯಾರೂ ಬಿಚ್ಚಿಲ್ಲ.

ಮಗು ವೆಂಟಿಲೇಟರಿಗೆ ಹೋಗಲಿಲ್ಲ. ಮುಕ್ಕುವುದು ನಿಂತಿತು. ಸುಸ್ತಾಗಿ ನಿಂತದ್ದಲ್ಲ, ಪಕ್ಕೆ ಸೇದುವುದೂ ಜೊತೆಗೇ ಇಳಿಯಿತು. ಆ ಬೆಳಿಗ್ಗೆ ಮುಖ್ಯ ವೈದ್ಯರು ಕಿರಿಯ ವೈದ್ಯರೊಂದಿಗೆ ನನ್ನ ಬಳಿ ಬಂದು ನಿಂತರು.

"ಆ ಸದ್ದು ಇನ್ನೊಂದ್ಸಲ ಮಾಡು."

ಮಾಡಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಇದನ್ನ ಬಾಕಿ ಮನೆಯವರಿಗೂ ಕಲಿಸು. ಹೆದರ್ತಾರೆ ಅಂತ ಬಿಡ್ಬೇಡ" ಎಂದು ಕಿರಿಯರ ಕಡೆ ತಿರುಗಿದರು. "ಕೇಳಿಸ್ಕೊಂಡ್ರಲ್ಲ. ಇದು ಇವನದಲ್ಲ, ಆಯ್ತಲ್ಲ."

ಮಗು ಮತ್ತೆ ಮನೆಗೆ ಹೋದಾಗ ನಾಬಿಗೆ ಪ್ಲಾಸ್ಟರ್ ಹಾಕಲಿಲ್ಲ. ಅದರ ಮುಂದೆ ತಂದೆಯನ್ನು ಕೂರಿಸಿ, ತಿರುಗಿಸಿದರೆ ಮಗುವಿಗೆ ಏನಾಗುತ್ತದೆ, ಅಂಕಿಗೆ ಏನಾಗುತ್ತದೆ ಎಂದು ಅವರಿಂದಲೇ ಹೇಳಿಸಿದೆ. ಪಾಸು ಫೇಲು ಎನ್ನಲಿಲ್ಲ. ತೊಂಬತ್ತೆರಡು ಎಂದರೆ ತೊಂಬತ್ತೆರಡು ಎಂದಷ್ಟೇ ಹೇಳಿದೆ. ಕೇಳಿ ಅವರು ತಲೆಯಾಡಿಸಿದರು. ಆಮೇಲೆ ಆ ಬಸ್ಸಿನಲ್ಲಿ ನಾನು ಎಷ್ಟು ಸಲ ಹತ್ತಿದರೂ ಅವರು ಮೊದಲು ಹೇಳುವುದು ಅಂಕಿಯನ್ನಲ್ಲ, ಮಗು ಎಷ್ಟು ಹಾಲು ಕುಡಿಯಿತು ಎಂಬುದನ್ನು.

ಆಕ್ಸಿಜನ್ ಸ್ವಲ್ಪಸ್ವಲ್ಪವೇ ಇಳಿಯಿತು. ಮೊದಲು ಎಚ್ಚರವಿದ್ದಾಗ ತೆಗೆದೆವು, ಆಮೇಲೆ ಹಾಲು ಕುಡಿಯುವಾಗ, ಕೊನೆಗೆ ನಿದ್ದೆಯಲ್ಲಿ. ಪೂರ್ತಿ ತೆಗೆದ ಮೊದಲ ರಾತ್ರಿ ಕಳೆದು ಬೆಳಗಾದಾಗ ನಾನು ಸಾಗರದ ನಮ್ಮ ಮನೆಯ ಕೋಣೆಯಲ್ಲಿ ಫೋನು ಎದುರಿಗಿಟ್ಟುಕೊಂಡು ಕೂತಿದ್ದೆ. ಹಲ್ಲು ಉಜ್ಜಲು ಹೋದಾಗಲೂ ಅದು ಜೊತೆಗಿತ್ತು. ಅಜ್ಜಿ ಬಸ್ ಸ್ಟಾಪಿಗೆ ಬರುವ ಹೊತ್ತು ದಾಟಿತು. ಆಮೇಲೆ ಬಂತು ಕರೆ.

"ಇವತ್ತಿಂದು ಮಾಡ್ಲಾ ತಮ್ಮಾ?"

"ಮಾಡಿ ಅಜ್ಜಿ."

ಕಿವಿಗೆ ಒತ್ತಿ ಹಿಡಿದೆ. ಏನೂ ಇಲ್ಲ. ದೂರದಲ್ಲಿ ಒಂದು ಬೈಕು ಹೋಯಿತು. ಮತ್ತೆ ಏನೂ ಇಲ್ಲ. ಕರೆ ತುಂಡಾಯಿತೇ, ಅಜ್ಜಿಗೆ ಹೇಳಲು ಬಾಯಿ ಬರುತ್ತಿಲ್ಲವೇ ಎಂದು ಎದ್ದು ನಿಂತೆ.

"ಹಲೋ. ಅಜ್ಜಿ, ಕೇಳ್ತಿದೆಯಾ? ಹಲೋ."

"ಸುಮ್ನಿರಾ ಮಾರಾಯ" ಎಂದರು. "ಮಾಡ್ತಾ ಇದೀನಲ್ಲ."

ಕುರ್ಚಿ ಹುಡುಕಿ ಕೂತೆ.

"ಇನ್ನೊಂದ್ಸಲ ಮಾಡಿ ಅಜ್ಜಿ."